ಸಭಾಪತಿಯ ಸಹಿ

ಇಸೋಹಾಮಾ, ಸಾದೊ ದ್ವೀಪ
ಜನವರಿ 27

ಮಹಾಮಹಿಮ ಸಭಾಪತಿಯವರ ಸನ್ನಿಧಾನಕ್ಕೆ!

ಹೇಗಿದೆ ಸಂಬೋಧನೆ? ಸಾಲದಿದ್ದರೆ ಹೇಳು, ನಗಾರಿ ಬಾರಿಸಿ ಇನ್ನೊಂದು ಸಲ ಕೂಗುತ್ತೇನೆ. ನಿನ್ನ ಆಫೀಸಿಗೆ ಮೂರು ಸಲ ಫೋನು ಮಾಡಿದೆ ಹಿಸಾಯೆ. ಮೂರು ಸಲವೂ ಬೆಣ್ಣೆ ಗಂಟಲಿನ ಕಾರ್ಯದರ್ಶಿಯೊಬ್ಬ "ಯಾವ ವಿಚಾರವಾಗಿ?" ಎಂದು ಕೇಳಿದ. ಯಾವ ವಿಚಾರವಾಗಿ! ಮೂವತ್ತೆಂಟು ವರ್ಷದ ವಿಚಾರವಾಗಿ, ಎಂದೆ. "ತಿಳಿಸುತ್ತೇವೆ" ಎಂದು ಇಟ್ಟೇಬಿಟ್ಟ. ಅದಕ್ಕೇ ಈ ಕಾಗದ. ಕಾಗದವನ್ನು ಯಾರೂ "ಯಾವ ವಿಚಾರವಾಗಿ" ಎಂದು ಬಾಗಿಲಲ್ಲಿ ತಡೆಯುವುದಿಲ್ಲ.

ನಿನ್ನೆ ಟಿವಿಯಲ್ಲಿ ನೋಡಿದೆವು. ಬೂದುಬಣ್ಣದ ಕಿಮೋನೊ, ಬೆನ್ನು ನೆಟ್ಟಗೆ, ಮುಖದಲ್ಲಿ ಏನೂ ಇಲ್ಲ. ನೀನು ಮೆಟ್ಟಿಲು ಹತ್ತಿ ಆ ಎತ್ತರದ ಕುರ್ಚಿಯಲ್ಲಿ ಕುಳಿತೊಡನೆ ಎಯ್ಕಿಚಿ ಚಪ್ಪಾಳೆ ತಟ್ಟಿದ.

"ನಮ್ಮ ಮೀನುಪೇಟೆ ಹಿಸಾಯೆ ಕಣೇ! ಇಡೀ ಮೇಲ್ಮನೆಗೇ ಯಜಮಾನಿ!"

ನಾನು ಅವನ ಎರಡೂ ಕೈ ಹಿಡಿದು ನಿಲ್ಲಿಸಿದೆ. "ಯಾಕೇ, ಹೊಟ್ಟೆಕಿಚ್ಚಾ?" ಎಂದ.

"ಅಯ್ಯೋ ಪೆದ್ದ, ಅವಳನ್ನ ಮೇಲಕ್ಕೆ ಹತ್ತಿಸಿಲ್ಲ. ಒಳಗೆ ಹಾಕಿ ಬೀಗ ಜಡ್ದಿದಾರೆ."

ಸುಳ್ಳೇ? ಸಭಾಪತಿಯಾದವರು ಪಕ್ಷ ಬಿಡಬೇಕು. ಚರ್ಚೆಯಲ್ಲಿ ಬಾಯಿ ಬಿಡಬಾರದು. ಮತ ಹಾಕಬಾರದು. ಎರಡೂ ಕಡೆಗೆ ಸಮಸಮ ಬಿದ್ದರೆ ಮಾತ್ರ ನಿನ್ನ ಕೈಗೆ ಒಂದು ಮತ. ಈ ಸಲ ಗಂಡಹೆಂಡಿರು ಅವರವರ ಹೆಸರು ಉಳಿಸಿಕೊಳ್ಳುವ ನಮ್ಮ ಮಸೂದೆ ಒಂದೆರಡು ಮತದಲ್ಲಿ ನಿಂತಿದೆ ಎಂದು ನೀನೇ ಶರತ್ಕಾಲದಲ್ಲಿ ಬರೆದಿದ್ದೆಯಲ್ಲ! ಆಳುವ ಪಕ್ಷದಿಂದ ಗೋಡೆ ಹಾರಿ ಬರುವವಳು ನೀನೊಬ್ಬಳು. ಆ ಒಂದು ಮತವನ್ನೇ ಎತ್ತಿ ಸಿಂಹಾಸನದ ಮೇಲಿಟ್ಟರು. ಪೂಜೆ ಮಾಡಿ, ಹೂ ಹಾಕಿ, ಬಾಯಿ ಹೊಲಿದರು. ಎಂಥ ನಾಟಕಕಾರ ಬರೆದ ದೃಶ್ಯವೋ ಇದು, ಅವನ ಕೈಗೆ ನಮಸ್ಕಾರ!

ಮೊದಲ ಚುನಾವಣೆ ನೆನಪಿದೆಯೇ? ಹದಿನೇಳು ದಿನ, ಬಿಳಿ ಕೈಗವಸು ತೊಟ್ಟು, ಪ್ರಚಾರದ ಕಾರಿನ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಭತ್ತದ ಗದ್ದೆಗೂ ಗೋರಿಗಳಿಗೂ ಬಿಡದೆ "ಕುಗಾ ಹಿಸಾಯೆ! ಕುಗಾ ಹಿಸಾಯೆ!" ಎಂದು ಕೂಗಿದ ಗಂಟಲು ಇದು. ಗೆದ್ದ ದಿನ ಹರಕೆಯ ದರುಮಾ ಬೊಂಬೆಗೆ ಎರಡನೇ ಕಣ್ಣು ಬರೆದು, ಮಸಿಯ ಕೈಯಲ್ಲೇ ನನ್ನ ಕೆನ್ನೆ ಹಿಡಿದು ನೀನು ಅಂದದ್ದು: "ತ್ಸುನೆ, ನಿನ್ನ ಮದುವೆ ನಾನು ಮಾಡಿಸ್ತೀನಿ. ನಿನ್ನ ಹೆಸರಲ್ಲೇ."

ಇಪ್ಪತ್ತಾರು ವರ್ಷವಾಯಿತು. ಗಂಡಹೆಂಡಿರಿಗೆ ಒಂದೇ ಮನೆತನದ ಹೆಸರಿರಬೇಕು, ಇಲ್ಲದಿದ್ದರೆ ಮದುವೆಯನ್ನು ಬರೆದುಕೊಳ್ಳುವುದಿಲ್ಲ ಎನ್ನುವ ಕಾನೂನು ಹಾಗೇ ಕಲ್ಲಿನಂತೆ ಕೂತಿದೆ. ಎಯ್ಕಿಚಿ ಹೊನ್ಮಾ, ನಾನು ಅಸಾಗಿರಿ. ಮೂವತ್ತೆಂಟು ವರ್ಷದಿಂದ ಒಂದೇ ಮನೆ, ಒಂದೇ ಅನ್ನದ ಪಾತ್ರೆ, ಕಚೇರಿಯ ಪುಸ್ತಕದಲ್ಲಿ ಇಬ್ಬರು ಅಪರಿಚಿತರು.

ಈಗ ಬರೆಯಬೇಕಾದ್ದು ಬರೆಯುತ್ತೇನೆ. ಎಯ್ಕಿಚಿಯ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದೆ. ನೀಗಾತಾದ ಆಸ್ಪತ್ರೆಯಲ್ಲಿ ಬೇಸಿಗೆಯ ಹೊತ್ತಿಗೆ ಕೊಯ್ಯಬೇಕಂತೆ. ಮನೆಯವರ ಸಹಿ ಬೇಕಂತೆ. ವೈದ್ಯರು ನನ್ನನ್ನು ನೋಡಿ, ಬಹಳ ಮರ್ಯಾದೆಯಿಂದ, "ತಾವು ಯಾರು?" ಎಂದರು.

ಉತ್ತರ ಕೊಡು, ಸಭಾಪತಿ.

ಅಸಾಗಿರಿ ತ್ಸುನೆಕೊ


ತೋಕಿಯೊ, ಸಭಾಪತಿ ನಿವಾಸ
ಫೆಬ್ರವರಿ 10

ಪ್ರಿಯ ತ್ಸುನೆ,

ಅಂಗಳದ ಪ್ಲಮ್ ಮರ ಮೊದಲ ಹೂ ಬಿಟ್ಟಿದೆ. ಅಲ್ಲಿ ಇನ್ನೂ ಹಿಮವಿರಬೇಕು. ಹವಾಮಾನದಿಂದ ಶುರುಮಾಡಿದರೆ ನಿನಗೆ ಆಗದು, ಗೊತ್ತು. ಒಳಗೆ ಬರಲು ನನಗೆ ಬೇರೆ ಬಾಗಿಲು ಸಿಗಲಿಲ್ಲ.

ಎಯ್ಕಿಚಿಯ ವಿಷಯ ಓದಿದೊಡನೆ ಫೋನು ಹಿಡಿದೆ. ಒಳ್ಳೆಯ ವೈದ್ಯರನ್ನು ವಿಚಾರಿಸಿದ್ದೇನೆ. ನಿನ್ನ ವೈದ್ಯರೇ ಒಳ್ಳೆಯವರಂತೆ.

ನಡೆದದ್ದನ್ನು ಹೇಳುತ್ತೇನೆ. ಡಿಸೆಂಬರಿನಲ್ಲಿ ಪಕ್ಷದ ಹಿರಿಯ ತಾಮಾನೊಯಿ ಹಾವುಮೀನಿನ ಊಟಕ್ಕೆ ಕರೆದರು. ಜೊತೆಗೆ ಇನ್ನಿಬ್ಬರು ಮುದುಕರು. ಹಿಂದಿನ ಸಭಾಪತಿಗೆ ಆರೋಗ್ಯ ಕೆಟ್ಟಿದೆ ಎಂದರು.

"ಕುಗಾ ಅವರೇ, ಇಷ್ಟು ವರ್ಷ ಓಡಾಡಿದೀರಿ. ಇನ್ನು ಸ್ವಲ್ಪ ಎತ್ತರದಲ್ಲಿ ಕೂತ್ಕೊಂಡು ನಮ್ಮನ್ನೆಲ್ಲ ನೋಡ್ಕೊಳ್ಳಿ."

"ನಮ್ಮ ಪ್ರಾಂತದಿಂದ ಮೊದಲ ಸಭಾಪತಿ, ಅದೂ ಹೆಂಗಸು!" ಎಂದರು ಇನ್ನೊಬ್ಬರು. "ಊರ ಸೇತುವೆಗೆ ನಿಮ್ಮ ಹೆಸರೇ ಇಡ್ತಾರೆ ಬಿಡಿ."

"ಯಾವ ಹೆಸರು? ನಂದೋ, ನಮ್ಮ ಯಜಮಾನರದೋ?" ಎಂದೆ. ಮೂವರೂ ನಕ್ಕರು. ನಾನೂ ನಕ್ಕೆ.

ಮೂರನೇ ತುತ್ತಿಗೆ ನನಗೆ ಅರ್ಥವಾಯಿತು, ಈ ಊಟ ಯಾತಕ್ಕೆಂದು. ಆದರೆ ಮೊದಲ ತುತ್ತಿಗೇ ತಲೆಬಾಗಿ ಆಗಿತ್ತು. ಬಾಗಿದ ತಲೆಯನ್ನು ಎತ್ತಿ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಇಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ನನಗೆ ಆ ಕುರ್ಚಿ ಬೇಕಿರಲಿಲ್ಲ ಎಂಬ ಸಾಲು. ಯಾಕೆ ಹೊಡೆದೆನೆಂದು ನಿನಗೆ ತಿಳಿಯುತ್ತದೆ.

ಕುರ್ಚಿಯ ಪಕ್ಕದಲ್ಲಿ ಮಹಾ ಕಾರ್ಯದರ್ಶಿ ಮುನಾಕಾತಾ ಕೂರುತ್ತಾರೆ. ನಿಮ್ಮಪ್ಪನ ನಾಟಕ ಮಂಡಳಿಯಲ್ಲಿ ಪರದೆಯ ಹಿಂದೆ ಕೂತು ಮಾತು ಎತ್ತಿಕೊಡುತ್ತಿದ್ದ ಮುದುಕನಿದ್ದನಲ್ಲ, ಅದೇ ಕೆಲಸ. ದಪ್ಪ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಎಲ್ಲ ಬರೆದಿರುತ್ತದೆ. "ಸಭಾಪತಿ ಏಳುವರು." "ಸಭಾಪತಿ ಕೂರುವರು." "ಆಕ್ಷೇಪಣೆ ಇಲ್ಲವೆಂದು ಭಾವಿಸುತ್ತೇನೆ." ಒಂದು ಪದ ತಡವರಿಸಿದರೆ ತುಟಿ ಅಲುಗಿಸದೆ ಪಿಸುಗುಟ್ಟುತ್ತಾರೆ. ನಾನು ಹೇಳುತ್ತೇನೆ.

ಆದರೂ ಕುರ್ಚಿಯಿಂದ ಏನೂ ಆಗುವುದಿಲ್ಲ ಎಂದುಕೊಳ್ಳಬೇಡ. ಸಭಾಪತಿಯ ಮಾತಿಗೆ ತೂಕವಿದೆ. ಮೇ ತಿಂಗಳ ಹೊತ್ತಿಗೆ ಮಸೂದೆ ಬರುತ್ತದೆ. ಅಷ್ಟರವರೆಗೆ, ತಪ್ಪು ತಿಳಿಯಬೇಡ, ನೀವಿಬ್ಬರೂ ಯಾವುದಾದರೊಂದು ಹೆಸರು ಆರಿಸಿ ನೋಂದಣಿ ಮಾಡಿಸಿಬಿಟ್ಟರೆ? ನಾನು ಮಾಡಿಸಿಕೊಳ್ಳಲಿಲ್ಲವೇ? ಕಾಗದದ ಮೇಲೆ ಗಂಡನ ಹೆಸರು ಮಿಝೋಬುಚಿ, ಲೋಕಕ್ಕೆಲ್ಲ ಕುಗಾ. ಬದುಕಬಹುದು.

ಕುಗಾ ಹಿಸಾಯೆ


ಇಸೋಹಾಮಾ
ಮಾರ್ಚ್ 4

ಬದುಕಬಹುದಂತೆ!

ಹಿಸಾಯೆ, ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಆ ಸಾಲು ಬಂದಾಗ ನನ್ನ ದನಿಗೆ ಪಕ್ಕದ ಮನೆಯ ನಾಯಿ ಎದ್ದು ಕೂತಿತು.

ಯಾವುದಾದರೊಂದು ಹೆಸರು ಆರಿಸಿ! ಅಂಗಡಿಯಲ್ಲಿ ಮೂಲಂಗಿ ಆರಿಸಿದ ಹಾಗೆ! ನಿನಗೆ ಗೊತ್ತಿಲ್ಲದ್ದೇ? ನಮ್ಮಪ್ಪ ಸಾಯುವಾಗ ಅಸಾಗಿರಿ ಮಂಡಳಿಯಲ್ಲಿ ಏನು ಉಳಿದಿತ್ತು? ವೇಷಗಳು ಹೋದವು, ಪರದೆಗಳು ಹೋದವು, ಬಣ್ಣದ ಪೆಟ್ಟಿಗೆಯನ್ನು ಇಲಿ ತಿಂದಿತು. ಐದು ತಲೆಮಾರು ಊರೂರಿನ ಬಾವುಟದ ಮೇಲೆ ಹಾರಿದ ಹೆಸರೊಂದೇ ಉಳಿಯಿತು. "ಇದನ್ನಾದ್ರೂ ಕೆಳಗೆ ಹಾಕಬೇಡ ಮಗಾ" ಅಂದರು. ನನಗೆ ಅಣ್ಣತಮ್ಮಂದಿರಿಲ್ಲ. ನಾನು ಬರೆಯುವುದು ನಿಲ್ಲಿಸಿದ ದಿನ ಆ ಹೆಸರು ಭೂಮಿಯ ಮೇಲಿಲ್ಲ.

ಆ ಕಡೆ ನೋಡಿದರೆ ಎಯ್ಕಿಚಿಯೂ ಒಬ್ಬನೇ ಮಗ. ಮೊನ್ನೆ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. "ನಾನೇ ಅಸಾಗಿರಿ ಆಗ್ಬಿಡ್ತೀನಿ. ದೋಣಿ ಎಂಜಿನ್ನು ರಿಪೇರಿ ಮಾಡೋನಿಗೆ ಯಾವ ಹೆಸರಾದ್ರೇನು?"

ಅವನ ತಾಯಿ ಹಾತ್ಸು ಅಜ್ಜಿಗೆ ತೊಂಬತ್ತನಾಲ್ಕು. ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಆಗು ಮಗಾ. ನಾನು ಹೋಗಿ ಆ ಹೊನ್ಮಾ ಗೋರಿಯೊಳಗೆ ಒಬ್ಳೇ ಮಲ್ಕೋತೀನಿ. ಅಲ್ಲಿಂದಾಚೆಗೆ ಯಾರೂ ಬರಲ್ಲ ಅಂತ ನಿಮ್ಮಪ್ಪಂಗೆ ಹೇಳ್ತೀನಿ."

"ಅಜ್ಜಿ, ನೀವು ಸಾಯಲ್ಲ ಬಿಡಿ" ಎಂದೆ.

"ನೀನು ಸೊಸೆ ಆಗೋವರೆಗೂ ಸಾಯಬಾರ್ದು ಅಂತಾನೇ ಕೂತಿದೀನಿ" ಎಂದಳು. ನಕ್ಕೆವು. ಅಜ್ಜಿ ನಗಲಿಲ್ಲ.

ಆಸ್ಪತ್ರೆಯಲ್ಲಿ ಒಂದು ಹಾಳೆ ಕೊಟ್ಟರು. ರೋಗಿಗೆ ನಿಮ್ಮ ಸಂಬಂಧ, ಎಂದು ಒಂದು ಕಾಲಂ. ನಾನು ಹೆಂಡತಿ ಎಂದು ಬರೆದೆ. ಅಲ್ಲಿನ ಹೆಂಗಸು ಹೆಸರುಗಳನ್ನು ನೋಡಿ, ಅದರ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ "ಪರಿಚಿತರು" ಎಂದು ಬರೆದಳು. ಒರಟಾಗಿಯಲ್ಲ. ಗೆರೆಗಳನ್ನು ಅಳತೆಪಟ್ಟಿ ಇಟ್ಟು ಎಳೆದಳು.

ಪರಿಚಿತರು! ಅವನ ಬೆನ್ನಿನ ಮಚ್ಚೆ ಎಣಿಸಿ ಹೇಳಬಲ್ಲ ಪರಿಚಿತರು!

ಶಸ್ತ್ರಚಿಕಿತ್ಸೆ ಜೂನ್ ಹದಿನಾಲ್ಕಕ್ಕೆ. ಸಹಿಗೆ ಅವನ ತಾಯಿ ಸಾಕು ಎನ್ನುತ್ತಾರೆ. ಆದರೆ ಅಜ್ಜಿಯನ್ನು ಹಡಗಿನಲ್ಲಿ ನೀಗಾತಾಕ್ಕೆ ಹೊತ್ತೊಯ್ಯುವುದು ಹೇಗೆ? ಕತ್ತಿ ಇಟ್ಟ ಮೇಲೆ ಒಳಗೆ ಏನಾದರೂ ಎಡವಟ್ಟಾದರೆ ಆ ಕ್ಷಣಕ್ಕೆ ಯಾರನ್ನು ಕೇಳುತ್ತಾರೆ? ನಿನ್ನ ಅಧಿವೇಶನ ಮುಗಿಯುವುದೂ ಜೂನ್ ನಡುವಿಗೆ. ಲೆಕ್ಕ ಹಾಕು.

ಅಸಾಗಿರಿ ತ್ಸುನೆಕೊ


ತೋಕಿಯೊ
ಏಪ್ರಿಲ್ 26

ತ್ಸುನೆ,

ಈ ಸಲ ಹೂವಿನ ಮಾತಿಲ್ಲ. ಸುದ್ದಿಯಿದೆ. ಮಸೂದೆ ಸಮಿತಿಯಲ್ಲಿ ಒಂದು ಮತದಿಂದ ಗೆದ್ದಿತು! ಒರಿಬೆ ಅವರನ್ನು ನಿನಗೆ ಗೊತ್ತು, ಊರುಗೋಲಿನ ಮುದುಕ, ನನ್ನ ಮೊದಲ ಚುನಾವಣೆಯಲ್ಲಿ ನನ್ನ ವಿರುದ್ಧ ಭಾಷಣ ಮಾಡಿದವರು. ಮೊಮ್ಮಗಳ ಮದುವೆ ಇದೇ ಕಾರಣಕ್ಕೆ ಮುರಿಯಿತಂತೆ. ಎದ್ದು ನಿಂತು ನಮ್ಮ ಕಡೆಗೆ ಕೈ ಎತ್ತಿದರು.

ಇನ್ನು ಉಳಿದದ್ದು ಇಡೀ ಸದನದ ಮತ. ಅದಕ್ಕೆ ದಿನ ಗೊತ್ತುಮಾಡಬೇಕಾದ್ದು ಕಲಾಪ ಸಮಿತಿ. ಆ ಸಮಿತಿ ಎರಡು ವಾರದಿಂದ ದಿನ ಗೊತ್ತುಮಾಡುತ್ತಲೇ ಇದೆ. ಇಲ್ಲಿ ಮಸೂದೆಯನ್ನು ಯಾರೂ ಕೊಲ್ಲುವುದಿಲ್ಲ. ಚಾಪೆಯ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ಅಧಿವೇಶನ ಮುಗಿಯುವ ತನಕ ಎಬ್ಬಿಸುವುದಿಲ್ಲ, ಅಷ್ಟೆ.

ಸಮಿತಿ ಒಪ್ಪದಿದ್ದರೂ ಸಭಾಪತಿ ತನ್ನ ಅಧಿಕಾರದಿಂದ ದಿನ ಇಡಬಹುದು. ಕಾನೂನಿನಲ್ಲಿದೆ. ತಾಮಾನೊಯಿ ಮೊನ್ನೆ ಚಹಾಕ್ಕೆ ಬಂದು ಅದನ್ನು ತಾವೇ ನೆನಪಿಸಿದರು.

"ಅಂಥದೊಂದು ಅಧಿಕಾರ ಇದೆ ಅಂತ ನಿಮಗೆ ಯಾರಾದ್ರೂ ಹೇಳಿರ್ತಾರೆ. ಇದೆ. ನಮ್ಮನೆ ಗೋಡೆ ಮೇಲೆ ತಾತನ ಕತ್ತಿ ಇದೆಯಲ್ಲ, ಹಾಗೆ. ಅತಿಥಿಗಳಿಗೆ ತೋರಿಸೋಕೆ."

ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ನಿಮ್ಮ ಕ್ಷೇತ್ರಕ್ಕೆ ಹೊಸಬರನ್ನ ಹುಡುಕ್ತಾ ಇದೀವಿ ಅಂತ ಪತ್ರಿಕೆಯವರು ಬರೆದ್ರೆ ನಂಬಬೇಡಿ" ಎಂದರು. ಪತ್ರಿಕೆಯವರು ಏನೂ ಬರೆದಿರಲಿಲ್ಲ.

ನೂಡಲ್ಸ್ ತಿನ್ನಲು ಬೀದಿಗೆ ಹೋಗೋಣವೆಂದರೆ ನಾಲ್ಕು ಕಾವಲುಗಾರರು ಮೊದಲು ಹೋಗಿ ಅಂಗಡಿ ಖಾಲಿ ಮಾಡಿಸುತ್ತಾರೆ. ಒಂದು ಸಲ ಹೋದೆ. ಆಮೇಲೆ ಹೋಗಲಿಲ್ಲ. ಸದನದಲ್ಲಿ ಯಾರಾದರೂ ಮೂರ್ಖತನದ ಮಾತಾಡಿದಾಗ ನಾಲಿಗೆ ತುದಿಗೆ ಉತ್ತರ ಬರುತ್ತದೆ, ಪಕ್ಕದಲ್ಲಿ ಮುನಾಕಾತಾ ಹಾಳೆ ಸರಿಸುತ್ತಾರೆ, ನುಂಗುತ್ತೇನೆ.

ಯೋಚಿಸುತ್ತಿದ್ದೇನೆ. ಯೋಚಿಸುತ್ತಿದ್ದೇನೆ ಎಂದರೆ ನೀನು ಕೂಗುತ್ತೀಯೆಂದು ಗೊತ್ತು. ಕೂಗು.

ಕುಗಾ ಹಿಸಾಯೆ


ಇಸೋಹಾಮಾ
ಮೇ 19

ಹಿಸಾಯೆ,

ಕೂಗುವುದಿಲ್ಲ. ಎಯ್ಕಿಚಿ ಮಲಗಿದ್ದಾನೆ.

ಉಬ್ಬು ದೊಡ್ಡದಾಗಿದೆ. ಜೂನ್ ಹದಿನಾಲ್ಕರ ತನಕ ಕಾಯುವಂತಿಲ್ಲ, ಐದಕ್ಕೆ ಎಂದರು. ಕೆಮ್ಮಬೇಡ, ಭಾರ ಎತ್ತಬೇಡ, ಜೋರಾಗಿ ನಗಬೇಡ ಎಂದಿದ್ದಾರೆ. "ನಗಬೇಡ ಅಂದ್ರೆ ಇವಳ ಜೊತೆ ಹೇಗಿರ್ಲಿ ಡಾಕ್ಟ್ರೇ?" ಎಂದು ಕೇಳಿದ ಆ ಮನುಷ್ಯ.

ಈ ಕಾಗದದೊಳಗೆ ಇನ್ನೊಂದು ಹಾಳೆ ಮಡಿಸಿಟ್ಟಿದ್ದೇನೆ. ನೋಡಿದೊಡನೆ ಗುರುತು ಹಿಡಿಯುತ್ತೀಯ. ಮದುವೆಯ ನೋಂದಣಿ ಅರ್ಜಿ. ಮದುವೆಯ ನಂತರದ ಮನೆತನದ ಹೆಸರು ಎಂದು ಎರಡು ಚಿಕ್ಕ ಚೌಕ. ಗಂಡನದು. ಹೆಂಡತಿಯದು. ಅಕ್ಕಿಕಾಳಿನಷ್ಟು ಚೌಕ, ಹಿಸಾಯೆ. ಐದು ತಲೆಮಾರಿನ ಬಾವುಟವನ್ನು ಮಡಿಸಿ ಅದರೊಳಗೆ ತುರುಕಬೇಕು.

ಎಯ್ಕಿಚಿ ಪೆನ್ನು ಕಿತ್ತುಕೊಂಡು ಹೆಂಡತಿಯ ಚೌಕಕ್ಕೆ ಕೈಹಾಕಿದ. ಆಚೆ ಕೋಣೆಯಲ್ಲಿ ಅಜ್ಜಿ ಕೆಮ್ಮಲೂ ಇಲ್ಲ. ಕೊಯ್ಯಿಸಿಕೊಳ್ಳಲು ಹೋಗುವ ಮಗ, ತೊಂಬತ್ತನಾಲ್ಕರ ತಾಯಿ, ಇವರಿಬ್ಬರ ನಡುವೆ ಇದನ್ನೊಂದು ಇಡಲೇ? ಪೆನ್ನು ವಾಪಸು ತೆಗೆದುಕೊಂಡು ಗಂಡನ ಚೌಕಕ್ಕೆ ಗುರುತು ಹಾಕಿದೆ. ಒಂದು ಕ್ಷಣದ ಕೆಲಸ. ನಗಾರಿ ಇಲ್ಲ, ಪರದೆ ಇಲ್ಲ.

ಕೆಳಗೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಒಬ್ಬರು ಎದುರುಮನೆ ಕ್ಷೌರಿಕ ವಾತಾನುಕಿ. ಇನ್ನೊಂದು ಜಾಗ ಖಾಲಿ ಬಿಟ್ಟಿದ್ದೇನೆ. ನನ್ನ ಮದುವೆ ಮಾಡಿಸುತ್ತೇನೆ ಎಂದವಳು ನೀನು. ಮಾಡಿಸು.

ಅಸಾಗಿರಿ ತ್ಸುನೆಕೊ


ತೋಕಿಯೊ
ಮೇ 23

ತ್ಸುನೆ,

ಸಹಿ ಮಾಡಿ ಕಳಿಸುತ್ತಿದ್ದೇನೆ. ಪೆನ್ನಿನಲ್ಲಿ ಬರೆಯಲು ಮನಸ್ಸಾಗಲಿಲ್ಲ, ಕುಂಚದಲ್ಲಿ ಬರೆದೆ. ಮಸಿ ಆರುವ ತನಕ ಎದುರಿಗೆ ಕೂತಿದ್ದೆ.

ಏನು ಬರೆದರೂ ತಪ್ಪಾಗುತ್ತದೆ. ಎಯ್ಕಿಚಿ ಜೋರಾಗಿ ನಗದಿರಲಿ.

ಕುಗಾ ಹಿಸಾಯೆ


ಇಸೋಹಾಮಾ
ಮೇ 28

ಹಿಸಾಯೆ, ಹಿಸಾಯೆ, ಹಿಸಾಯೆ!

ಇಂದು ನಮ್ಮ ಊರಿನ ಕಚೇರಿಯಲ್ಲಿ ನಡೆದದ್ದನ್ನು ರಂಗದ ಮೇಲೆ ತಂದರೆ ಜನ ನಂಬದೆ ಎದ್ದು ಹೋಗುತ್ತಿದ್ದರು!

ಅರ್ಜಿ ಕೊಟ್ಟೆ. ಕಿಟಕಿಯಲ್ಲಿದ್ದ ಗುಮಾಸ್ತೆ ನಮ್ಮ ತೋಫು ಅಂಗಡಿಯವನ ಮಗಳು. ನಿನ್ನ ಸಹಿ ಕಂಡದ್ದೇ ತಡ, ಒಳಗಿದ್ದವರನ್ನೆಲ್ಲ ಕರೆದಳು. "ನೋಡ್ರೀ, ಸಭಾಪತಿಯವರ ಕೈಬರಹ! ಕುಂಚದಲ್ಲಿ!" ಎಲ್ಲರೂ ಬಂದು ನೋಡಿದರು. ಒಬ್ಬ ಕನ್ನಡಕ ಒರೆಸಿಕೊಂಡು ನೋಡಿದ. ಆಮೇಲೆ ಅವಳು ಏನೋ ಹೊಂದಿಸಿ ನೋಡಲು ಹೋದಳು. ಬರುವಾಗ ಮುಖ ಬೇರೆಯಾಗಿತ್ತು.

"ತ್ಸುನೆಕೊ ಅತ್ತೆ... ಇದನ್ನ ತಗೊಳ್ಳೋಕಾಗಲ್ಲ."

"ಯಾಕಮ್ಮಾ?"

"ಸಾಕ್ಷಿ ತಮ್ಮ ಕುಟುಂಬ ದಾಖಲೆಯಲ್ಲಿರೋ ಹೆಸರೇ ಬರೀಬೇಕು. ಇಲ್ಲಿ ಕೊಟ್ಟಿರೋ ಮೂಲ ವಿಳಾಸದಲ್ಲಿ ಕುಗಾ ಹಿಸಾಯೆ ಅನ್ನೋರು ಇಲ್ಲ."

"ಈಗ ತಾನೇ ಎಲ್ರೂ ಸೇರಿ ನೋಡಿದ್ರಲ್ಲೇ ಅವಳ ಕೈಬರಹಾನ!"

"ಹೌದು ಅತ್ತೆ. ಟಿವಿಯಲ್ಲಿ ಇದಾರೆ. ಸದನದಲ್ಲೂ ಇದಾರೆ. ಕಾನೂನಲ್ಲಿ ಇಲ್ಲ."

ಆ ಮಗು ಅಳುವಂತಾದಳು. ನಾನು ನಕ್ಕೆ ಹಿಸಾಯೆ! ಆ ಕಚೇರಿಯ ಗಾಜು ಅದುರುವಂತೆ ನಕ್ಕೆ! ಮೂವತ್ತೈದು ವರ್ಷ ಮಿಝೋಬುಚಿಯಾಗಿ, ಒಂದು ಸಲವೂ ಕೈ ಆ ಹೆಸರಿಗೆ ತಿರುಗಲಿಲ್ಲವೇ ನಿನಗೆ? ನನಗೆ ಬದುಕಬಹುದು ಎಂದು ಬುದ್ಧಿ ಹೇಳಿದವಳು ನೀನೇ ತಾನೇ?

"ಗೆರೆ ಎಳೆದು ಬೇರೆ ಯಾರ ಹತ್ರಾನಾದ್ರೂ ಹಾಕಿಸಿ ಅತ್ತೆ, ಇಲ್ಲೇ ಯಾರಾದ್ರೂ ಹಾಕ್ತಾರೆ, ಐದು ನಿಮಿಷ" ಎಂದಳು. ಹಾಕಿಸಬಹುದಿತ್ತು. ವಾತಾನುಕಿಯ ಹೆಂಡತಿ ಹೊರಗೇ ನಿಂತಿದ್ದಳು. ಆಗುವುದಿಲ್ಲ ಎಂದೆ.

ಆಗುವುದಿಲ್ಲ, ಹಿಸಾಯೆ. ನಾನು ಹೊನ್ಮಾ ಎಂದು ಬರೆಯಬೇಕಾದರೆ ನೀನೂ ನಿನ್ನದನ್ನು ಬರೆ. ಹೊಸ ಅರ್ಜಿ ಒಳಗಿದೆ. ಶಸ್ತ್ರಚಿಕಿತ್ಸೆಗೆ ಎಂಟು ದಿನ. ಹಟಮಾರಿ ಮುದುಕಿ ಎಂದು ಬೈಯುತ್ತ ಬರೆ, ತುರ್ತು ಅಂಚೆಯಲ್ಲಿ ಕಳಿಸು.

ಅಸಾಗಿರಿ ತ್ಸುನೆಕೊ


ತೋಕಿಯೊ
ಜೂನ್ 1

ತ್ಸುನೆ,

ಅರ್ಜಿ ಒಳಗಿದೆ. ಈ ಸಲ ಕಚೇರಿಯವರು ತೆಗೆದುಕೊಳ್ಳುತ್ತಾರೆ. ಸರಿಯಾದ ಹೆಸರನ್ನು ಮೊದಲು ಹಳೆಯ ಪತ್ರಿಕೆಯ ಮೇಲೆ ಆರು ಸಲ ಬರೆದು ನೋಡಿಕೊಂಡೆ.

ಉಳಿದದ್ದನ್ನು ನೀನು ಪತ್ರಿಕೆಯಲ್ಲಿ ಓದಿರುತ್ತೀಯ, ಆದರೂ ನಾನೇ ಹೇಳಬೇಕು.

ಮೊನ್ನೆ ನಿನ್ನ ಕಾಗದ ಬಂತು. ಕಾನೂನಲ್ಲಿ ಇಲ್ಲ ಎಂದಳಲ್ಲ ಆ ಹುಡುಗಿ, ಅದನ್ನು ಓದಿ ಎದ್ದು ಮುನಾಕಾತಾ ಅವರನ್ನು ಕರೆಸಿದೆ. ನನ್ನ ಅಧಿಕಾರದಿಂದ ಮಸೂದೆಗೆ ದಿನ ಇಡಿ, ನಾಳೆಯೇ, ಎಂದೆ.

"ಸಭಾಪತಿಗಳೇ, ಅಂಥ ಪದ್ಧತಿ ಇಲ್ಲ."

"ಕಾನೂನಲ್ಲಿ ಇದೆಯೋ?"

"ಇದೆ. ಪದ್ಧತಿ ಇಲ್ಲ."

"ಹಾಗಾದ್ರೆ ಓದೋಕೆ ಹಾಳೆ ಬರೆದುಕೊಡಿ."

"ಇದಕ್ಕೆ ಹಾಳೆ ಇಲ್ಲ. ಯಾರೂ ಬರೆದಿಲ್ಲ."

"ಸರಿ, ಬಾಯಿಗೆ ಬಂದದ್ದು ಹೇಳ್ತೀನಿ" ಎಂದೆ. ಅವರ ಮುಖದಲ್ಲಿ ಮೊದಲ ಸಲ ಬಣ್ಣ ಕಂಡೆ. ಸಿಟ್ಟೋ, ಬೇರೇನೋ.

ತಾಮಾನೊಯಿ ಫೋನು ಮಾಡಿದರು. "ಏನಮ್ಮಾ ಇದು, ಗೋಡೆ ಮೇಲಿನ ಕತ್ತಿ ಇಳಿಸಿದೀಯಂತೆ. ಕೈ ಕೊಯ್ಕೋತೀಯ." ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಇದೇ ಮೊದಲು. ಇಟ್ಟುಬಿಟ್ಟೆ.

ನಿನ್ನೆ ಮಧ್ಯಾಹ್ನ ಎರಡಕ್ಕೆ ಸದನ ಸೇರಿತು. ಹಾಳೆಯಿಲ್ಲದೆ ಎದ್ದು ನಿಂತೆ. ನನ್ನದೇ ಮಾತಿನಲ್ಲಿ ಮಸೂದೆಯ ಹೆಸರು ಹೇಳಿದೆ. ಗದ್ದಲವೆಂದರೆ ಗದ್ದಲ! "ಇಳಿ ಕೆಳಗೆ!" "ಯಾರ ಸಭಾಪತಿ ನೀನು?" ನಾನು ನಿಂತೇ ಇದ್ದೆ, ತ್ಸುನೆ. ಹಿಂದೆ ಯಾವಾಗ ಅಷ್ಟು ಸುಖವಾಗಿದ್ದೆನೋ ನೆನಪಿಲ್ಲ.

ಆಮೇಲೆ ಮತದಾನ. ನಿನಗೆ ಗೊತ್ತಿರುವುದೇ. ಒಬ್ಬೊಬ್ಬರೂ ವೇದಿಕೆಗೆ ನಡೆದು ಬಂದು ಹೆಸರಿನ ಮರದ ಬಿಲ್ಲೆ ಕೊಡಬೇಕು. ಒಪ್ಪಿಗೆಗೆ ಬಿಳಿ, ಇಲ್ಲದಿದ್ದರೆ ನೀಲಿ. ಶುರುಮಾಡುವ ಮೊದಲು ಬಾಗಿಲು ಮುಚ್ಚಿ ಎಂದು ಸಭಾಪತಿ ಹೇಳಬೇಕು. ಮುಚ್ಚಿದ ಮೇಲೆ ಯಾರೂ ಒಳಗೆ ಬರುವಂತಿಲ್ಲ.

ಒರಿಬೆ ಅವರ ಜಾಗ ಖಾಲಿಯಿತ್ತು. ಮಂಡಿನೋವೆಂದು ಮೊಗಸಾಲೆಯಲ್ಲಿ ಕೂತಿದ್ದರಂತೆ, ಗಂಟೆ ಕೇಳಿ ಎದ್ದು ಬರುತ್ತಿದ್ದರಂತೆ. ಕುರ್ಚಿಯಿಂದ ನನಗೆ ಎದುರು ಬಾಗಿಲು ನೇರ ಕಾಣುತ್ತದೆ. ಮೊದಲು ಊರುಗೋಲು ಕಂಡಿತು. ಆಮೇಲೆ ಬಿಳಿ ತಲೆ. ಇಪ್ಪತ್ತು ಹೆಜ್ಜೆ ಇರಬೇಕು. ನಾನು ನೀರು ಕುಡಿಯಬಹುದಿತ್ತು. ಕೆಮ್ಮಬಹುದಿತ್ತು. ಕನ್ನಡಕ ಬೀಳಿಸಬಹುದಿತ್ತು. ಎಲ್ಲ ತೋಚಿತು, ಆಮೇಲೆ.

ಮುನಾಕಾತಾ ಪಕ್ಕದಿಂದ, ತುಟಿ ಅಲುಗಿಸದೆ, "ಬಾಗಿಲು ಮುಚ್ಚಿ" ಎಂದು ಪಿಸುಗುಟ್ಟಿದರು.

"ಬಾಗಿಲು ಮುಚ್ಚಿ" ಎಂದೆ.

ಅವರ ಮೇಲೆ ತಪ್ಪಿಲ್ಲ. ನಾಲ್ಕು ತಿಂಗಳಿಂದ ಅವರು ಹೇಳುವುದು, ನಾನು ಹೇಳುವುದು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ. ಕಾವಲಿನವರು ಒರಿಬೆ ಅವರ ಮುಖದ ಮುಂದೆ ಬಾಗಿಲು ಎಳೆದರು. ಹೊರಗಿನಿಂದ ಊರುಗೋಲಿನಲ್ಲಿ ಮೂರು ಸಲ ಕುಟ್ಟಿದ್ದು ಕೇಳಿಸಿತು. ಇಡೀ ಸದನಕ್ಕೇ ಕೇಳಿಸಿತು.

ಬಿಳಿ ನೂರ ಹತ್ತೊಂಬತ್ತು. ನೀಲಿ ನೂರ ಇಪ್ಪತ್ತು.

ಅವರೊಬ್ಬರು ಒಳಗಿದ್ದಿದ್ದರೆ ಸಮ. ಸಮವಾಗಿದ್ದರೆ ತೀರ್ಮಾನ ಸಭಾಪತಿಯದು. ಈ ಕುರ್ಚಿಯಲ್ಲಿ ಕೂತವರಿಗೆ ಬದುಕಿನಲ್ಲಿ ಒಂದು ಸಲ ಸಿಕ್ಕರೆ ಸಿಕ್ಕೀತು ಅಂಥ ಗಳಿಗೆ. ಮುನಾಕಾತಾ ಚೀಟಿ ಸರಿಸಿದರು. "ಮಸೂದೆ ತಿರಸ್ಕೃತವಾಗಿದೆ" ಎಂದು ಓದಿದೆ. ದನಿ ಸ್ಪಷ್ಟವಾಗಿತ್ತು ಎಂದು ಎಲ್ಲ ಪತ್ರಿಕೆಗಳೂ ಬರೆದಿವೆ.

ಪಕ್ಷದವರು ಕುರ್ಚಿ ಬಿಡು ಎನ್ನುತ್ತಿಲ್ಲ. ತಾಮಾನೊಯಿ ಇವತ್ತು ಹಣ್ಣಿನ ಬುಟ್ಟಿ ಕಳಿಸಿದ್ದಾರೆ. "ದಯವಿಟ್ಟು ಅವಧಿ ಪೂರ್ತಿ ಅಲ್ಲೇ ಇರಿ" ಎಂದು ಚೀಟಿ. ಇನ್ನೂ ಎರಡು ವರ್ಷವಿದೆ.

ಮಿಝೋಬುಚಿ ಹಿಸಾಯೆ


ನೀಗಾತಾ, ಆಸ್ಪತ್ರೆ
ಜೂನ್ 5

ಹಿಸಾಯೆ,

ಎಯ್ಕಿಚಿ ಒಳಗಿದ್ದಾನೆ. ಬೆಳಿಗ್ಗೆ ಒಂಬತ್ತಕ್ಕೆ ಕರೆದೊಯ್ದರು. ಈಗ ಒಂದೂವರೆ. ಈ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಬೇರೆ ಕೆಲಸ ಗೊತ್ತಿಲ್ಲ.

ನಿನ್ನ ಕಾಗದ ಮೂರನೇ ತಾರೀಖು ತಲುಪಿತು. ಅದೇ ದಿನ ಕಚೇರಿಗೆ ಹೋದೆ. ತೋಫು ಅಂಗಡಿಯ ಹುಡುಗಿ ಮೊಹರು ಒತ್ತಿ, ಎದ್ದು ನಿಂತು ತಲೆಬಾಗಿ, "ಶುಭಾಶಯಗಳು" ಎಂದಳು. ಅದು ಅವರು ಎಲ್ಲರಿಗೂ ಹೇಳಲೇಬೇಕಾದ ಮಾತಂತೆ. ಅಜ್ಜಿಗೆ ತಿಳಿಸಿದೆ. ನನ್ನ ಕೈ ಹಿಡಿದುಕೊಂಡಳು. "ನಿಮ್ಮಪ್ಪ ಏನಂತಾರೋ" ಎಂದಳು. ನಮ್ಮಪ್ಪನ ಬಗ್ಗೆ ಆ ಮುದುಕಿ ಮಾತಾಡಿದ್ದು ಮೂವತ್ತೆಂಟು ವರ್ಷದಲ್ಲಿ ಅದೇ ಮೊದಲು.

ಎಯ್ಕಿಚಿಗೆ ನಿನ್ನ ಕಾಗದ ಓದಿ ಹೇಳಿದೆ. ಬಾಗಿಲಿನ ಭಾಗ ಬಿಟ್ಟು.

ಬೆಳಿಗ್ಗೆ ಅವನನ್ನು ತಳ್ಳುಮಂಚದ ಮೇಲೆ ತಳ್ಳಿಕೊಂಡು ಹೋಗುವಾಗ ಆ ಎರಡು ರೆಕ್ಕೆಯ ಬಾಗಿಲಿನ ಹತ್ತಿರ ದಾದಿಗೆ ನಿಲ್ಲಿಸಲು ಹೇಳಿದ. ನಿನಗೆ ಈ ಕಥೆ ಹೇಳಿದ್ದೇನೋ ಇಲ್ಲವೋ. ನನಗೆ ಇಪ್ಪತ್ತೆರಡು. ಮೀನುಗಾರರ ಬಯಲಿನಲ್ಲಿ ನಮ್ಮ ಆಟ. ನಾನು ಕತ್ತಿ ಹಿಡಿದು ಕಣ್ಣು ಅರಳಿಸಿ ನಿಂತ ಗಳಿಗೆಗೆ ಸರಿಯಾಗಿ, ಕೊನೆಯ ಸಾಲಿನಿಂದ ಯಾರೋ ಒಬ್ಬ ಎದೆ ಬಿರಿಯುವಂತೆ ನಮ್ಮ ಮನೆತನದ ಹೆಸರು ಕೂಗಿದ. ಅಭಿಮಾನಿಗಳು ಕೂಗುವುದು ವಾಡಿಕೆ, ಆದರೆ ಅಷ್ಟು ಸರಿಯಾದ ಗಳಿಗೆಗೆ ಕೂಗುವವನು ಸಾವಿರಕ್ಕೊಬ್ಬ. ಆಟ ಮುಗಿದ ಮೇಲೆ ಬಣ್ಣದ ಮುಖದಲ್ಲೇ ಹೋಗಿ ಯಾರಪ್ಪ ಅದು ಎಂದು ಹುಡುಕಿದೆ. ಎಂಜಿನ್ ಎಣ್ಣೆ ಮೆತ್ತಿದ ಷರಟಿನ ಇವನು.

ಇವತ್ತು ಬಾಗಿಲ ಬಳಿ ಮಲಗಿದಲ್ಲಿಂದಲೇ ಕೂಗಿದ. "ಅಸಾಗಿರಿ!" ಗಂಟಲಲ್ಲಿ ಬಲವಿರಲಿಲ್ಲ, ಆದರೂ ಇಡೀ ಮೊಗಸಾಲೆ ತಿರುಗಿ ನೋಡಿತು. ದಾದಿ "ಕೂಗಬಾರ್ದು ಸಾರ್, ಒತ್ತಡ ಏರುತ್ತೆ" ಎಂದು ಗದರಿದಳು. ಬಾಗಿಲು ಮುಚ್ಚಿತು.

ಇಷ್ಟು ಬರೆದು ನಿಲ್ಲಿಸಿದ್ದೆ. ಈಗ ಮೂರು ಗಂಟೆ, ಅವನಿನ್ನೂ ಒಳಗಿದ್ದಾನೆ. ನಡುವೆ ನಡೆದದ್ದನ್ನು ಬರೆದು ಮುಗಿಸುತ್ತೇನೆ.

ಎರಡರ ಹೊತ್ತಿಗೆ ಒಳಗಿನಿಂದ ಹಸಿರು ಬಟ್ಟೆಯ ದಾದಿಯೊಬ್ಬಳು ಅವಸರದಲ್ಲಿ ಬಂದಳು. ಕೈಯಲ್ಲಿ ಹಾಳೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಕೊಯ್ಯಬೇಕಾಗಿದೆ, ಈಗಲೇ ಮನೆಯವರು ಒಪ್ಪಬೇಕು ಎಂದು ಆಮೇಲೆ ಗೊತ್ತಾಯಿತು. "ಹೊನ್ಮಾ ಅವರೇ?" ಎಂದು ಕರೆದಳು. ನಾನು ಬಾಗಿಲನ್ನೇ ನೋಡುತ್ತಿದ್ದೆ. "ಹೊನ್ಮಾ ಅವರು ಇದಾರಾ?" ಇನ್ನೊಂದು ಸಲ. ಯಾರೋ ಪಾಪ, ತನ್ನವರು ಒಳಗಿರುವಾಗ ಎಲ್ಲಿ ಎದ್ದು ಹೋದಳೋ ಎಂದುಕೊಂಡೆ. ಮೂರನೇ ಸಲ ಕರೆದಾಗ ಅವಳ ದನಿಯಲ್ಲಿ ಗಾಬರಿಯಿತ್ತು. ಇವಳನ್ನು ಹುಡುಕಿಕೊಡೋಣವೆಂದು ನಾನೇ ಎದ್ದು ಆಚೆ ಈಚೆ ನೋಡಿದೆ.

ಮೊಗಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಇದೀನಿ" ಎಂದೆ. ಮೂರು ಊರಿಗೆ ಕೇಳಿಸುತ್ತಿದ್ದ ಗಂಟಲು. ಅವಳಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ, ಹಾಳೆ ತೆಗೆದುಕೊಂಡು, ಅವಳು ತೋರಿಸಿದಲ್ಲಿ ಆ ಹೆಸರು ಬರೆದುಕೊಟ್ಟೆ.

ತ್ಸುನೆಕೊ